ಐರ್ಲೆಂಡಿನಿಂದ ತಂದ ದುಂಡು ಜಮಖಾನ

ತಾಂಡವಪುರ

ವಿದೇಶಕ್ಕೆ ಹೋಗಿಬಂದವರು ವಿಮಾನದ ಕಿಟಕಿಯಲ್ಲಿ ಕಂಡ ಮೋಡಗಳಿಂದ ಬರೆಯಲು ಶುರುಮಾಡುತ್ತಾರೆ. ನನ್ನ ಪ್ರವಾಸ ಮೋಡ ಮುಟ್ಟುವ ಮೊದಲೇ, ನಂಜನಗೂಡು ಬಿಟ್ಟು ಸ್ವಲ್ಪ ದೂರದ ತಾಂಡವಪುರದ ಬಸ್ ಸ್ಟಾಪಿನಲ್ಲಿ ಕೆಟ್ಟುಹೋಯಿತು. ಅಲ್ಲಿಂದಲೇ ಹೇಳುತ್ತೇನೆ.

ನಾನು ನಂಜನಗೂಡಿನ ಒಂದು ಖಾಸಗಿ ಶಾಲೆಯಲ್ಲಿ ಎರಡನೇ ತರಗತಿಯ ಟೀಚರು. ಮನೆ ಟಿ. ನರಸೀಪುರದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಐರ್ಲೆಂಡಿಗೆ ಹೋಗಿಬರುವಂಥ ಯೋಗ್ಯತೆ ನನಗೇನೂ ಉಕ್ಕಿ ಹರಿಯುತ್ತಿರಲಿಲ್ಲ. ನಮ್ಮ ಶಾಲೆಯ ಕಾರ್ಯದರ್ಶಿ ಮಲ್ಲೇಶಪ್ಪನವರಿಗೆ ಅಕ್ಕಿ ಗಿರಣಿಯಿದೆ, ಗೊಬ್ಬರದ ಅಂಗಡಿಯಿದೆ, ಜೊತೆಗೆ ತಂದೆ ಬಿಟ್ಟುಹೋದ ಈ ಶಾಲೆಯೂ ಇದೆ. ಅವರು ಮೈಸೂರಿನ ಯಾವುದೋ ಸಭೆಗೆ ಹೋಗಿ ‘ಮಾರ್ನಿಂಗ್ ಮೀಟಿಂಗ್’ ಎಂಬ ಮಾತನ್ನು ಹಿಡಿದುಕೊಂಡು ಬಂದರು. ಹೊರದೇಶಗಳ ಪ್ರೈಮರಿ ಶಾಲೆಗಳಲ್ಲಿ ಮಕ್ಕಳು ಬೆಳಿಗ್ಗೆ ಪಾಠಕ್ಕೆ ಮೊದಲು ದುಂಡಗೆ ಕೂತು ಒಬ್ಬರಿಗೊಬ್ಬರು ಹೆಸರು ಹಿಡಿದು ನಮಸ್ಕಾರ ಹೇಳುತ್ತಾರಂತೆ, ಮನೆಯ ಸುದ್ದಿ ಮಾತಾಡುತ್ತಾರಂತೆ, ಅದರಿಂದ ಜಗಳ ನಿಂತು ನಡತೆ ಸುಧಾರಿಸುತ್ತದಂತೆ. ಇದನ್ನು ಕಣ್ಣಾರೆ ನೋಡಲು ಐರ್ಲೆಂಡಿನ ಒಂದು ಸಣ್ಣ ಊರಿನ ಶಾಲೆ ಒಪ್ಪಿತು. ಬರುವವರಲ್ಲಿ ಪಾಠ ಮಾಡುವವರೊಬ್ಬರು ಇರಲೇಬೇಕು ಎಂದು ಅವರು ಬರೆದಿದ್ದರಿಂದ ನನ್ನ ಹೆಸರು ಸೇರಿತು. ಹಾಗೆ ಬರೆಯದಿದ್ದರೆ ಮಲ್ಲೇಶಪ್ಪನವರ ಭಾವಮೈದ ಹೋಗುತ್ತಿದ್ದ, ಅವನು ಆಗಲೇ ಕೋಟು ಹೊಲಿಸಿಕೊಂಡಿದ್ದ.

ಹೊರಡುವ ದಿನ ಕಾರು ತಾಂಡವಪುರಕ್ಕೆ ಬರುವಾಗ ಒಬ್ಬ ಹೆಂಗಸು ರಸ್ತೆಗೇ ಇಳಿದು ಕೈ ಅಡ್ಡ ಹಿಡಿದಳು. ನಮ್ಮ ತರಗತಿಯ ಚಂದನಾಳ ತಾಯಿ ಶಿವಮ್ಮ, ಹತ್ತಿರದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸದವಳು. ಈ ಚಂದನಾ ಶಾಲೆಯಲ್ಲಿ ಬಾಯಿ ಬಿಡುತ್ತಿದ್ದುದು ಕಚ್ಚುವುದಕ್ಕೆ ಮಾತ್ರ. ಮಾತಿಲ್ಲ, ಕತೆಯಿಲ್ಲ. ಯಾರಾದರೂ ಅವಳ ಜಾಗಕ್ಕೆ ಬಂದು ಕೂತರೆ ಹಲ್ಲು ಊರುತ್ತಿದ್ದಳು. ಹಿಂದಿನ ತಿಂಗಳು ಭೂಮಿಕಾ ಎಂಬ ಹುಡುಗಿಯ ಮುಂಗೈ ಕಚ್ಚಿದ್ದಳು. ಭೂಮಿಕಾಳ ಅಪ್ಪ ಮಲ್ಲೇಶಪ್ಪನವರ ಅಂಗಡಿಯ ಹಳೆಯ ಗಿರಾಕಿ. ಚಂದನಾಗೆ ಟೀಸಿ ಕೊಟ್ಟು ಕಳಿಸುವುದೆಂದು ಅಲ್ಲಿಗೆ ತೀರ್ಮಾನವಾಗಿತ್ತು.

ಶಿವಮ್ಮ ಕೋಡುಬಳೆಯ ಪೊಟ್ಟಣವನ್ನು ಕಿಟಕಿಯಿಂದ ನನ್ನ ತೊಡೆಯ ಮೇಲಿಟ್ಟಳು. “ಮಿಸ್ಸೋರೆ, ನನ್ ಮಗೀನ ತೆಗಿಬ್ಯಾಡಿ. ಬ್ಯಾರೆ ಸ್ಕೂಲ್ನೋರು ಕಚ್ಚೋ ಮಗ ಬ್ಯಾಡ ಅಂತಾವ್ರೆ. ಅಲ್ಲೇನೋ ಕಲ್ತ್ಕಂಡ್ ಬತ್ತೀರಂತಲ್ಲ, ನಮ್ ಮಗೀಗೂ ವಸಿ ತನ್ನಿ” ಎಂದಳು.

ಮಲ್ಲೇಶಪ್ಪನವರು ಮುಂದಿನ ಸೀಟಿನಿಂದ ತಿರುಗದೆಯೇ, “ಬಂದ್ಮೇಲೆ ನೋಡಾನ ಬುಡಮ್ಮ” ಎಂದು ಗಾಜು ಏರಿಸಿದರು. ಬೆಂಗಳೂರು ಮುಟ್ಟುವ ಮೊದಲೇ ಕೋಡುಬಳೆಯನ್ನೆಲ್ಲ ಅವರೇ ಮುಗಿಸಿದರು.

ಡಬ್ಲಿನ್ನಿನಿಂದ ಬಸ್ಸಿನಲ್ಲಿ

ಐರ್ಲೆಂಡಿನಲ್ಲಿ ಮಳೆ ಬರುವುದಿಲ್ಲ, ನಿಲ್ಲುವುದೂ ಇಲ್ಲ. ಒದ್ದೆ ಬಟ್ಟೆಯನ್ನು ಯಾರೋ ಮುಖದ ಹತ್ತಿರ ಝಾಡಿಸುತ್ತಲೇ ಇರುತ್ತಾರೆ, ಅಷ್ಟೇ. ಅಲ್ಲಿನವರು ಅದನ್ನು ‘ಒಳ್ಳೆಯ ದಿನ’ ಎನ್ನುತ್ತಾರೆ. ನನ್ನ ಕಾಟನ್ ಸೀರೆಯ ಅಂಚು ವಿಮಾನ ನಿಲ್ದಾಣದ ಬಾಗಿಲಲ್ಲಿ ಒದ್ದೆಯಾದದ್ದು ವಾಪಸು ಬರುವವರೆಗೂ ಒಣಗಲಿಲ್ಲ.

ಊರಿಗೆ ಹೋಗುವ ಬಸ್ಸಿನಲ್ಲಿ ಒಂದು ವಿಚಿತ್ರ ಕಂಡೆ. ಇಳಿಯುವವರೆಲ್ಲ, ಮುದುಕರಿಂದ ಹಿಡಿದು ಕಿವಿಗೆ ವೈರು ಸಿಕ್ಕಿಸಿಕೊಂಡ ಪಡ್ಡೆ ಹುಡುಗರವರೆಗೆ, ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ಅವನೂ ಪ್ರತಿಯೊಬ್ಬರಿಗೂ ಏನೋ ಒಂದು ಉತ್ತರ ಕೊಡುತ್ತಿದ್ದ. ಮಲ್ಲೇಶಪ್ಪನವರು ಬಹಳ ಹೊತ್ತು ನೋಡಿ, ಈ ಡ್ರೈವರ್ರೇ ಬಸ್ಸಿನ ಓನರ್ ಇರಬೇಕು ಎಂದು ತೀರ್ಪು ಕೊಟ್ಟರು. ನನ್ನ ನರಸೀಪುರದ ಬಸ್ಸು ನೆನಪಾಯಿತು. ಅಲ್ಲಿ ಇಳಿಯುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ, ಒಂದು ಕಾಲು ನೆಲದಲ್ಲಿ, ಇನ್ನೊಂದು ಫುಟ್‌ಬೋರ್ಡಿನಲ್ಲಿ. ಆ ಸ್ಥಿತಿಯಲ್ಲಿ ನಮ್ಮ ಬಾಯಲ್ಲಿ ಬರುವ ಮಾತು ಥ್ಯಾಂಕ್ಸ್ ಅಲ್ಲ.

ನಾವು ಇಳಿಯುವಾಗ ಮಲ್ಲೇಶಪ್ಪನವರು ಓನರ್ ಎಂಬ ಗೌರವದಿಂದ ಡ್ರೈವರನ ಕೈ ಕುಲುಕಿ, ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬರಬೇಕೆಂದು ಕನ್ನಡದಲ್ಲೇ ಆಹ್ವಾನ ಕೊಟ್ಟರು.

ಮನೆಯೊಡತಿಯ ಅಲಾರಂ

ನಾವಿಬ್ಬರೂ ಉಳಿದುಕೊಂಡದ್ದು ಒಬ್ಬ ವಯಸ್ಸಾದ ಹೆಂಗಸು ನಡೆಸುವ ತಂಗುಮನೆಯಲ್ಲಿ. ಮಹಡಿಯಲ್ಲಿ ನಾಲ್ಕಾರು ಕೋಣೆ, ಎಲ್ಲ ಗೋಡೆಗೂ ಹೂವಿನ ಕಾಗದ, ಚಾವಣಿಯಲ್ಲಿ ಇಡ್ಲಿ ತಟ್ಟೆಯಷ್ಟಗಲದ ಒಂದು ಬಿಳಿ ಡಬ್ಬಿ. ಮೊದಲ ಬೆಳಿಗ್ಗೆ ಮಲ್ಲೇಶಪ್ಪನವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆಗೆ ಕೂತು, ಊದುಬತ್ತಿಯ ಜೊತೆಗೆ ಪರದೇಶವೆಂಬ ಉತ್ಸಾಹದಲ್ಲಿ ಕರ್ಪೂರವನ್ನೂ ದಂಡಿಯಾಗಿ ಹಚ್ಚಿದರು. ಆ ಡಬ್ಬಿ ಹೊಗೆ ಕಂಡರೆ ಕಿರಿಚುವ ಡಬ್ಬಿ. ಇಡೀ ಮನೆ ಕಿರಿಚಿಕೊಂಡಿತು. ಜನ ಮಲಗುವ ಬಟ್ಟೆಯಲ್ಲೇ ಬೀದಿಗೆ ಓಡಿದರು. ಮಲ್ಲೇಶಪ್ಪನವರು ಪೂಜೆ ಅರ್ಧಕ್ಕೆ ಬಿಡುವಂತಿಲ್ಲವೆಂದು ಕೂತೇ ಇದ್ದರು. ಕೊನೆಗೆ ಕಬ್ಬಿಣದ ಟೋಪಿ ಹಾಕಿಕೊಂಡ ಇಬ್ಬರು ಫೈರ್ ಇಂಜಿನ್ನಿನವರು ಬಂದು ಬಾಗಿಲು ಬಡಿದಾಗ ಆರತಿ ಮುಗಿಸಿ, ಅವರ ಮುಂದೆಯೂ ತಟ್ಟೆ ಹಿಡಿದರು.

ನನಗೆ ಆಶ್ಚರ್ಯವಾದದ್ದು ಆಮೇಲೆ. ಮನೆಯೊಡತಿ ಬೀದಿಯಲ್ಲಿ ನಡುಗುತ್ತಿದ್ದವರಿಗೆಲ್ಲ ಟೀ ತಂದುಕೊಟ್ಟು, ಮಲ್ಲೇಶಪ್ಪನವರ ಬಳಿಗೆ ಬಂದು ತಾನೇ “ಸಾರಿ” ಕೇಳಿದಳು, ಅಲಾರಂ ಬಗ್ಗೆ ಮೊದಲೇ ಹೇಳಬೇಕಿತ್ತಂತೆ. ಈ ದೇಶದಲ್ಲಿ ಕಾಲು ತುಳಿಸಿಕೊಂಡವರು ಕ್ಷಮೆ ಕೇಳುತ್ತಾರೆ, ತುಳಿದವರೂ ಕೇಳುತ್ತಾರೆ. ನನಗೆ ಈ ನಯ ಒಂದೇ ದಿನಕ್ಕೆ ಸಾಕುಸಾಕಾಯಿತು. ಯಾರಾದರೂ ಒಬ್ಬರು ಗಟ್ಟಿಯಾಗಿ ಬೈದಿದ್ದರೆ ಊರಿನಲ್ಲಿದ್ದಂತೆ ಅನಿಸುತ್ತಿತ್ತು. ಮಲ್ಲೇಶಪ್ಪನವರು ಮಾತ್ರ ಕ್ಷಮಾಪಣೆಯನ್ನು ಸ್ವೀಕರಿಸಿ, “ಇನ್ಮ್ಯಾಲೆ ಸರಿಯಾಗಿ ನೋಡ್ಕಳಿ ಅನ್ನಿ ಮೇಡಂ” ಎಂದು ನನ್ನ ಮೂಲಕ ಆಕೆಗೆ ಬುದ್ಧಿ ಹೇಳಿಸಿದರು. ನಾನು ಅದನ್ನು ಇಂಗ್ಲಿಷಿಗೆ ತರುವಾಗ ಟೀ ಚೆನ್ನಾಗಿದೆ ಎಂದಷ್ಟೇ ಹೇಳಿದೆ.

ಶಾಲೆಯಲ್ಲಿ, ಮೊದಲ ದಿನ

ಶಾಲೆ ಹುಲ್ಲುಗಾವಲಿನ ಪಕ್ಕದಲ್ಲಿತ್ತು. ಎರಡನೇ ತರಗತಿಯ ಟೀಚರು ಈಫಾ ಎಂಬ ಹುಡುಗಿ. ಮಕ್ಕಳು ಅವಳನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಅವಳು ನೆಲದ ಮೇಲೆ ಮಕ್ಕಳ ನಡುವೆಯೇ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ಕೆಳಗೊಂದು ದೊಡ್ಡ ನೀಲಿ ಬಣ್ಣದ ದುಂಡು ಜಮಖಾನ. ಇಷ್ಟು ನೋಡಿದ್ದೇ ಮಲ್ಲೇಶಪ್ಪನವರು ಫೋನು ತೆಗೆದು ಜಮಖಾನದ ಫೋಟೋ ತೆಗೆದರು. ಮಕ್ಕಳ ಫೋಟೋ ತೆಗೆಯಬಾರದೆಂದು ಶಾಲೆಯವರು ಮೊದಲೇ ಹೇಳಿದ್ದರು. ಜಮಖಾನದ ಅಳತೆ ಹಿಡಿಯಬಾರದೆಂದು ಯಾರೂ ಹೇಳಿರಲಿಲ್ಲ, ಅದನ್ನೂ ಗೇಣು ಹಾಕಿ ಹಿಡಿದರು.

ಒಂದು ಮಗು ಪಕ್ಕದ ಮಗುವಿನ ಕಡೆ ತಿರುಗಿ, ಹೆಸರು ಹೇಳಿ, ಕೈ ಚಾಚಿ, ಅವರ ಭಾಷೆಯಲ್ಲಿ ‘ದೇವರು ನಿನ್ನ ಜೊತೆಗಿರಲಿ’ ಎನ್ನುವುದು. ಆ ಮಗು ಕೈಹಿಡಿದು ‘ದೇವರೂ ಮೇರಿಯಮ್ಮನೂ ನಿನ್ನ ಜೊತೆಗಿರಲಿ’ ಎನ್ನುವುದು. ನಮ್ಮಲ್ಲಿ ಸೊಪ್ಪಿನವಳು ಕೊಸರು ಹಾಕುತ್ತಾಳೆ, ಇವರು ನಮಸ್ಕಾರಕ್ಕೆ ಕೊಸರು ಹಾಕುತ್ತಾರೆ. ಹೀಗೆ ಒಂದು ಸುತ್ತು. ಆಮೇಲೆ ಮನೆಯ ಸುದ್ದಿ. ಒಬ್ಬಳ ಅಜ್ಜಿಯ ಹಸು ಕರು ಹಾಕಿತ್ತು, ಒಬ್ಬನ ಹಲ್ಲು ಅಲ್ಲಾಡುತ್ತಿತ್ತು. ಇನ್ನೊಬ್ಬ ತನ್ನ ಮನಸ್ಸು ಇವತ್ತು ಮೋಡ ಕವಿದಂತಿದೆ ಎಂದ. ಏಳು ವರ್ಷದ ಪೋರ! ಹೊರಗೆ ನೋಡಿದರೆ ಇಡೀ ದೇಶವೇ ಮೋಡ ಕವಿದು ಬಿದ್ದಿತ್ತು, ಇವನದೇನು ಹೆಚ್ಚುಗಾರಿಕೆ ಅಂದುಕೊಂಡೆ. ನನ್ನ ತರಗತಿಯಲ್ಲಿ ಒಬ್ಬೊಬ್ಬರ ಮನಸ್ಸಿನ ಹವಾಮಾನ ಕೇಳುತ್ತ ಕೂತರೆ ಮಧ್ಯಾಹ್ನದ ಊಟದ ಗಂಟೆಯೇ ಹೊಡೆಯುತ್ತದೆ. ಈಫಾ ಮಾತ್ರ ಹಲ್ಲು ಅಲ್ಲಾಡುವ ಸುದ್ದಿಯನ್ನು ಸರ್ಕಾರ ಬಿದ್ದ ಸುದ್ದಿಯಂತೆ ಕೇಳಿದಳು.

ನಿಂತು ನಿಂತು ಸುಸ್ತಾದ ಮಲ್ಲೇಶಪ್ಪನವರಿಗೆ ದುಂಡಿನಲ್ಲಿ ಒಂದು ಖಾಲಿ ಜಾಗ ಕಂಡಿತು. ಮಂಡಿ ಹಿಡಿದುಕೊಂಡು ‘ಶಿವಾ’ ಎಂದು ಅಲ್ಲಿ ಕೂತುಬಿಟ್ಟರು. ಪಕ್ಕದ ಪುಟ್ಟ ಹುಡುಗಿಯೊಬ್ಬಳು ಮೊದಲು ‘ಸಾರಿ’ ಕೇಳಿ, ಆಮೇಲೆ, ಅದು ಡಾರಾನ ಜಾಗ ಎಂದಳು.

ಡಾರಾ ಎಂಬ ಹುಡುಗ ಆ ದಿನ ಬಂದಿರಲಿಲ್ಲ. ಬರದವರ ಜಾಗವನ್ನು ಹಾಗೇ ಬಿಡುವುದು ಇವರ ಪದ್ಧತಿಯಂತೆ. ನಮಸ್ಕಾರ ಸುತ್ತಿ ಆ ಖಾಲಿ ಜಾಗಕ್ಕೆ ಬಂದಾಗಲೂ ಅವನ ಹೆಸರು ಹೇಳಿಯೇ ಮುಂದಕ್ಕೆ ಹೋಗುವುದಂತೆ. ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಮಲ್ಲೇಶಪ್ಪನವರು ಗೊಣಗುತ್ತ ಎದ್ದರು. ಸಂಜೆ ತಂಗುಮನೆಯವರೆಗೂ ಅದೇ ನಗು: “ಬರ್ದೇ ಇರೋನ್ಗೆ ಜಾಗ ಅಂತೆ, ಬಂದೋರ್ಗೆ ಇಲ್ವಂತೆ.” ನಾನೂ ನಕ್ಕೆ. ನಮ್ಮಲ್ಲಿ ಬರದವರಿಗೆ ಹಾಜರಿಯಲ್ಲಿ ಒಂದು ಗೀಟು, ಮಾರನೆಯ ದಿನ ಎರಡು ಬೈಗುಳ, ಅಲ್ಲಿಗೆ ಮುಗಿಯಿತು.

ಡಾರಾ ಬಂದ ದಿನ

ಮಾರನೆಯ ದಿನ ಡಾರಾ ಬಂದ. ಕೆಂಪು ಕೂದಲಿನ ಹುಡುಗ. ಬಂದವನೇ ತನ್ನ ಜಾಗದಲ್ಲಿ ಕೂತು ಎರಡೂ ಕಿವಿ ಮುಚ್ಚಿಕೊಂಡ. ಪಕ್ಕದವಳು ಹೆಸರು ಹೇಳಿ ಕೈ ಚಾಚಿದಳು. ಅವನು ಅವಳ ಕಡೆ ನೋಡಲೂ ಇಲ್ಲ. ಅವಳು ಕೈಯನ್ನು ಒಂದು ಗಳಿಗೆ ಹಾಗೇ ಹಿಡಿದು ವಾಪಸು ತೆಗೆದುಕೊಂಡಳು. ಡಾರಾನ ಆಚೆ ಕೂತಿದ್ದ ಮಗು ಏನೂ ಆಗದಂತೆ ಸುತ್ತನ್ನು ಮುಂದುವರಿಸಿತು. ಯಾರೂ ಕಿಸಕ್ಕೆನ್ನಲಿಲ್ಲ, ಯಾರೂ ದೂರು ಹೇಳಲಿಲ್ಲ. ನಲವತ್ತು ಮಕ್ಕಳ ದೂರು ಕೇಳಿ ಕಿವಿ ತೂತಾದ ನನಗೆ ಆ ನಿಶ್ಶಬ್ದ ಸ್ವಲ್ಪ ಭಯ ಹುಟ್ಟಿಸಿತು.

ಬಿಡುವಿನಲ್ಲಿ ಈಫಾಳನ್ನು ಕೇಳಿದೆ. ಹೋದ ವರ್ಷ ಅವನು ಬೂಟು ಬಿಚ್ಚಿ ಮಕ್ಕಳ ಮೇಲೆ ಎಸೆಯುತ್ತಿದ್ದನಂತೆ. ಈಗ ಎಸೆಯುವುದಿಲ್ಲ. ನೀನೇನು ಮಾಡಿದೆ ಎಂದೆ. ತಾನೇನೂ ಮಾಡಲಿಲ್ಲ, ಮಕ್ಕಳು ದಿನಾ ಅವನ ಹೆಸರು ಹೇಳಿದರು ಎಂದಳು. ಅಷ್ಟೇನಾ ಎಂದೆ. ಅಷ್ಟೇ, ಆದರೆ ಒಂದು ದಿನವೂ ಬಿಡಬಾರದು ಎಂದಳು, ಅದಕ್ಕೂ ಒಂದು ‘ಸಾರಿ’ ಸೇರಿಸಿ.

ನನಗೆ ರೇಗಿತು. ಎರಡು ವಿಮಾನ ಹತ್ತಿ, ಒದ್ದೆ ಸೀರೆ ಉಟ್ಟು, ಉಪ್ಪಿಲ್ಲದ ಆಲೂಗಡ್ಡೆ ತಿಂದುಕೊಂಡು ಬಂದದ್ದು ಹೆಸರು ಹೇಳುವುದನ್ನು ಕಲಿಯಲಿಕ್ಕೆ! ಇದನ್ನು ಶಿವಮ್ಮನಿಗೆ ಯಾವ ಬಾಯಲ್ಲಿ ಹೇಳಲಿ? ಮಗಳಿಗೆ ವಸಿ ತನ್ನಿ ಎಂದಿದ್ದಳಲ್ಲ, ಏನಾದರೂ ಔಷಧಿಯನ್ನೋ ಮಂತ್ರವನ್ನೋ ತಂದಂತೆ ಅವಳ ಮುಂದೆ ಹೇಗೆ ನಿಲ್ಲಲಿ?

ಮಲ್ಲೇಶಪ್ಪನವರಿಗೆ ಇಂಥ ಸಂಕಟವೇನೂ ಇರಲಿಲ್ಲ. ಅವರು ಪೇಟೆಗೆ ಹೋಗಿ ಅದೇ ಬಣ್ಣದ, ಅದೇ ಅಳತೆಯ ದುಂಡು ಜಮಖಾನ ಖರೀದಿಸಿದ್ದರು. ಅದನ್ನು ತಮ್ಮ ಪಂಚೆಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ಬಂದಾಗ ಮನೆಯೊಡತಿ ಎದೆಯ ಮೇಲೆ ಶಿಲುಬೆ ಗೀಚಿಕೊಂಡಳು. ವಿಮಾನ ನಿಲ್ದಾಣದಲ್ಲಿ ಅದನ್ನು ಬಿಚ್ಚಿಸಿದರು, ಮೂಸಿದರು, ಯಂತ್ರದೊಳಗೆ ತೂರಿಸಲು ನೋಡಿದರು. ಇವರು ಅಲ್ಲೇ ಅದನ್ನು ಹಾಸಿ, ಮೇಲೆ ಕೂತು, ಹೀಗೆ ಕೂರುವುದಕ್ಕೆ ಎಂದು ಕೈಸನ್ನೆಯಲ್ಲಿ ಮಾರ್ನಿಂಗ್ ಮೀಟಿಂಗಿನ ಪ್ರಾತ್ಯಕ್ಷಿಕೆ ಕೊಟ್ಟರು.

ಮತ್ತೆ ನಂಜನಗೂಡು

ಜಮಖಾನ ಶಾಲೆಗೆ ಬಂತು. ಪ್ಲಾಸ್ಟಿಕ್ ಕವರಿನ ಸಮೇತ ಆಫೀಸಿನ ಬೀರುವಿನ ಮೇಲೇರಿತು. ಉದ್ಘಾಟನೆಯಾಗದೆ ಹಾಸುವಂತಿಲ್ಲ, ಒಳ್ಳೆಯ ದಿನವಿಲ್ಲದೆ ಉದ್ಘಾಟನೆಯಿಲ್ಲ, ದೊಡ್ಡ ಅತಿಥಿಯಿಲ್ಲದೆ ಒಳ್ಳೆಯ ದಿನವಿಲ್ಲ. ಮೂರೂ ಕೂಡಿಬರಲು ಎರಡು ತಿಂಗಳು ಬೇಕಾಯಿತು. ಚಂದನಾಳ ಟೀಸಿಯೂ ಅಷ್ಟರಮಟ್ಟಿಗೆ ಮುಂದಕ್ಕೆ ಹೋಯಿತು.

ಆ ಎರಡು ತಿಂಗಳು ನಾನು ತರಗತಿಯ ಬೆಂಚುಗಳನ್ನು ಗೋಡೆಗೆ ಸರಿಸಿ, ಬರಿಯ ನೆಲದ ಮೇಲೆ ಮಕ್ಕಳನ್ನು ದುಂಡಗೆ ಕೂರಿಸಿದೆ, ಬರದವರ ಜಾಗ ಖಾಲಿ ಬಿಡಬೇಕೆಂದೂ ಹೇಳಿಕೊಟ್ಟೆ. ನಂಬಿಕೆಯಿಂದ ಮಾಡಿದೆನೆಂದು ಯಾರೂ ತಿಳಿಯಬಾರದು. ಇದು ನಡೆಯುವ ಮಾತಲ್ಲ ಎಂದು ಜಮಖಾನ ಕೆಳಗಿಳಿಯುವ ಮೊದಲೇ ತೋರಿಸಿಬಿಡಬೇಕೆಂಬ ಹಟ ನನಗೆ. ಮೊದಲ ವಾರ ನಾನಂದುಕೊಂಡಂತೆಯೇ ಆಯಿತು. ನಮಸ್ಕಾರ ಹೇಳುವ ನೆಪದಲ್ಲಿ ಚಿವುಟಿದರು. ಮನೆಯ ಸುದ್ದಿ ಹೇಳಿ ಎಂದರೆ ಪಕ್ಕದ ಮನೆಯವರ ಜಗಳವನ್ನು ಬೈಗುಳ ಸಮೇತ ಒಪ್ಪಿಸಿದರು. ಚಂದನಾ ಕಿಟಕಿಯ ಕೆಳಗೆ ಕೂತು ನೆಲ ನೋಡುತ್ತಿದ್ದಳು. “ನಮಸ್ಕಾರ ಚಂದನಾ” ಎಂದು ಮಕ್ಕಳು ಹೇಳುವರು, ಅವಳು ತಲೆ ಎತ್ತಳು, ಸುತ್ತು ಮುಂದಕ್ಕೆ ಹೋಗುವುದು. ಒಂದು ದಿನವೂ ಬಿಡಲಿಲ್ಲ. ನಡುವೆ ಇನ್ನೊಬ್ಬನನ್ನು ಕಚ್ಚಿದಳು. ಉದ್ಘಾಟನೆಯ ಮಾರನೆಯ ದಿನವೇ ಟೀಸಿ ಎಂದು ಮಲ್ಲೇಶಪ್ಪನವರು ಷರಾ ಎಳೆದರು.

ಆಮೇಲೊಂದು ದಿನ ಭೂಮಿಕಾಗೆ ಜ್ವರ ಬಂದು ಶಾಲೆಗೆ ಬರಲಿಲ್ಲ. ಅವಳು ದಿನಾ ಕೂರುತ್ತಿದ್ದ, ಚಂದನಾಳ ಪಕ್ಕದ ಜಾಗಕ್ಕೆ ಒಬ್ಬ ಸರಿದು ಕೂರಲು ಹೋದ. ಚಂದನಾ ಅಂಗೈಯನ್ನು ಬಿಡಿಸಿ ಆ ಖಾಲಿ ನೆಲದ ಮೇಲಿಟ್ಟಳು. ಬೆಳಗಿನ ಸಭೆ ಮುಗಿಯುವವರೆಗೂ ಎತ್ತಲಿಲ್ಲ. ಈಫಾ ಎದುರಿಗಿದ್ದಿದ್ದರೆ ಬೇರೆ ದಾರಿಯಿಲ್ಲದೆ ನಾನೂ ಒಂದು ‘ಸಾರಿ’ ಹೇಳಬೇಕಾಗುತ್ತಿತ್ತು.

ಬೆಳಗಿನ ಸಭೆ, ಮಧ್ಯಾಹ್ನ

ಉದ್ಘಾಟನೆಯ ಹಿಂದಿನ ಸಂಜೆ ಮಲ್ಲೇಶಪ್ಪನವರು ಶಿವಮ್ಮನಿಗೆ ಫೋನು ಮಾಡಿಸಿ, ನಾಳೆ ಮಗಳನ್ನು ಕಳಿಸಬೇಡ ಎಂದು ಹೇಳಿಸಿದರು. ಅತಿಥಿಗಳಿಗೆ ಕಚ್ಚಿಬಿಟ್ಟರೆ ಏನು ಗತಿ? ನನಗೆ ಇದು ಗೊತ್ತಾದದ್ದು ಬೆಳಿಗ್ಗೆ, ಮಕ್ಕಳಿಂದಲೇ. ಹೋಗಿ ವಾದಿಸಿದೆ. ಕಾರ್ಯಕ್ರಮ ಮುಗಿಯಲಿ ಎಂದರು.

ಅಂಗಳಕ್ಕೆ ಶಾಮಿಯಾನ ಹಾಕಿಸಿದ್ದರು. ನೀಲಿ ಜಮಖಾನದ ಸುತ್ತ ಕೆಂಪು ರಿಬ್ಬನ್. ಹತ್ತು ಗಂಟೆಗೆ ಬರಬೇಕಿದ್ದ ಮುಖ್ಯ ಅತಿಥಿ, ಇಲಾಖೆಯಿಂದ ನಿವೃತ್ತರಾದ ದೊಡ್ಡ ಅಧಿಕಾರಿ, ಬಂದದ್ದು ಊಟದ ಹೊತ್ತಿಗೆ. ಪ್ರಾರ್ಥನೆ, ದೀಪ, ಸ್ವಾಗತ, ಶಾಲು, ಪ್ರಾಸ್ತಾವಿಕ ನುಡಿ. ದುಂಡಗೆ ಕೂತು ಎಲ್ಲರೂ ಸಮ ಎಂದು ಕಲಿಸುವ ಸಭೆಗೆ ವೇದಿಕೆಯ ಮೇಲೆ ಒಂಬತ್ತು ಕುರ್ಚಿ. ಪೋಷಕರು ಬೀಸಣಿಗೆ ಮಾಡಿಕೊಂಡ ಆಹ್ವಾನ ಪತ್ರಿಕೆಯಲ್ಲಿ ಮಕ್ಕಳ ನಮಸ್ಕಾರ ಬರುತ್ತಿದ್ದುದು ವಂದನಾರ್ಪಣೆಗೆ ಮುಂಚೆ, ಸಮಯವಿದ್ದರೆ.

ಅಂತೂ ಸಮಯ ಸಿಕ್ಕಿತು. ರಿಬ್ಬನ್ ಕತ್ತರಿಸಿದರು. ನನ್ನ ಮಕ್ಕಳು ಹೋಗಿ ಜಮಖಾನದ ಮೇಲೆ ದಿನಾ ಕೂರುವಂತೆಯೇ ಕೂತರು. ಒಂದು ಕಡೆ ಖಾಲಿ ಉಳಿಯಿತು. ಫೋಟೋದವನು ಆ ಸಂದು ಚೆನ್ನಾಗಿ ಕಾಣುವುದಿಲ್ಲ ಎಂದ. ಮಲ್ಲೇಶಪ್ಪನವರು ಅತಿಥಿಗಳ ತೋಳು ಹಿಡಿದು, ಮಕ್ಕಳ ಜೊತೆ ಕೂತರೆ ಪೇಪರಿಗೆ ಒಳ್ಳೆಯ ಫೋಟೋ ಆಗುತ್ತದೆ ಎಂದು ಅಲ್ಲಿಗೇ ಕರೆತಂದರು.

ಭೂಮಿಕಾ ಆ ಜಾಗದ ಮೇಲೆ ಅಂಗೈ ಇಟ್ಟಳು. “ಇಲ್ ಕೂರ್ಬ್ಯಾಡಿ ಸಾ. ಇದು ಚಂದನಾ ಜಾಗ.”

ಐರ್ಲೆಂಡಿನಲ್ಲಿ ಇದೇ ಮಾತು ಕೇಳಿ ನಕ್ಕಿದ್ದ ಮಲ್ಲೇಶಪ್ಪನವರಿಗೆ ಈಗ ನಗು ಬರಲಿಲ್ಲ. ಎದ್ದು ಪಕ್ಕಕ್ಕೆ ಸರಿ ಎಂದು ಅವಳಿಗೆ ಕಣ್ಣು ಬಿಟ್ಟರು. ಅವಳು ಕೈ ತೆಗೆಯಲಿಲ್ಲ. ಅತಿಥಿಗಳು ಬಗ್ಗಿ, ಚಂದನಾ ಎಲ್ಲಮ್ಮ ಎಂದು ಕೇಳಿದರು.

“ಕಚ್ತಾಳೆ ಅಂತ ಇವತ್ತು ಬರ್ಬ್ಯಾಡ ಅಂದವ್ರೆ ಸಾ.”

“ಯಾರನ್ನ ಕಚ್ಚಿದ್ಳು?”

“ನನ್ನ” ಎಂದು ಭೂಮಿಕಾ ಇನ್ನೊಂದು ಕೈಯ ಮುಂಗೈ ತೋರಿಸಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ಅಪ್ಪ ತಲೆ ತಗ್ಗಿಸಿದ.

ಅತಿಥಿಗಳು ನೆಟ್ಟಗೆ ನಿಂತು ಮಲ್ಲೇಶಪ್ಪನವರ ಮುಖ ನೋಡಿದರು. ಆ ಮಗು ಶಾಲೆ ಬಿಟ್ಟಿದೆಯೇ ಎಂದು ಕೇಳಿದರು. ಮಲ್ಲೇಶಪ್ಪನವರ ಕೈಯಲ್ಲಿ ಮೈಕಿತ್ತು, ಅದು ಆನ್ ಆಗಿಯೂ ಇತ್ತು. “ಎಲ್ಲಾದ್ರೂ ಉಂಟಾ ಸಾರ್. ನಮ್ ಸ್ಕೂಲ್ ಮಗು ಅದು. ಎಲ್ಗೂ ಕಳ್ಸಲ್ಲ” ಎಂದರು. ಅಷ್ಟು ಜನ ಪೋಷಕರ ಮುಂದೆ ಮೈಕಿನಲ್ಲಿ ಆಡಿದ ಮಾತನ್ನು ನಂಜನಗೂಡಿನಲ್ಲಿ ಯಾರೂ ವಾಪಸು ನುಂಗಿದ್ದಿಲ್ಲ. ನಾನು ಆಗಲೇ ಶಿವಮ್ಮನಿಗೆ ಫೋನು ಮಾಡುತ್ತಿದ್ದೆ.

ತಾಂಡವಪುರದಿಂದ ತಾಯಿ ಮಗಳು ಬರುವ ತನಕ ಕೇಸರಿಬಾತು ಹಂಚಿದರು. ಮಲ್ಲೇಶಪ್ಪನವರು ಮತ್ತೆ ಮೈಕು ಹಿಡಿದು, ನಮ್ಮ ಮಕ್ಕಳ ಈ ಒಳ್ಳೆಯ ನಡತೆಗೆಲ್ಲ ತಾವು ಹೊತ್ತು ತಂದ ಜಮಖಾನವೇ ಕಾರಣ ಎಂದು ಸಭೆಗೆ ವಿವರಿಸುತ್ತಿದ್ದರು.

ಶಿವಮ್ಮ ಗೇಟಿನಲ್ಲೇ ನಿಂತಳು. ಕೈಯಲ್ಲಿ ಖಾಲಿ ಚೀಲ. ಮಗಳ ಪುಸ್ತಕ, ತಟ್ಟೆ, ಲೋಟ ತುಂಬಿಕೊಂಡು ಹೋಗಲು ತಂದದ್ದು. “ಟೀಸಿ ಕೊಡಾಕಾ ಮಿಸ್ಸೋರೆ ಕರ್ಸಿದ್ದು?” ಎಂದಳು.

“ಅಲ್ಲ ಕಣಮ್ಮ. ಅವಳ ಜಾಗ ಖಾಲಿ ಇತ್ತು, ಅದಕ್ಕೆ” ಎಂದೆ.

ಚಂದನಾ ಮನೆಯ ಬಟ್ಟೆಯಲ್ಲೇ ಹೋಗಿ ಅಲ್ಲಿ ಕೂತಳು. ಭೂಮಿಕಾ ನೆಲದಿಂದ ಅಂಗೈ ಎತ್ತಿದಳು. ಹಿಂದೆ ಕಚ್ಚಿಸಿಕೊಂಡಿದ್ದ ಕೈಯನ್ನು ತೊಡೆಯಡಿಗೆ ಬಚ್ಚಿಟ್ಟುಕೊಂಡು, ಈ ಕೈಯನ್ನು ಚಾಚಿ, “ನಮಸ್ಕಾರ ಚಂದನಾ” ಎಂದಳು. ಚಂದನಾ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ತನ್ನ ಮಡಿಲಿಗೆ ಇಟ್ಟುಕೊಂಡಳು. ವಂದನಾರ್ಪಣೆ ಮುಗಿದು ಶಾಮಿಯಾನದವನು ಕಂಬ ಕೀಳಲು ಬಂದರೂ ಬಿಡಲಿಲ್ಲ.